ಕಚೇರಿಯ ತಾರಸಿಗೆ ಚಪ್ಪರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಫಿ, ಎಲೆ ಅಡಿಕೆ, ಯಾರೂ ಕೇಳದ ಸಲಹೆ, ಇವನ್ನು ಹಂಚುವುದರಲ್ಲಿ ನನ್ನದು ಧಾರಾಳ ಕೈ. ಫ್ಯಾನಿನ ಗಾಳಿಯ ವಿಷಯದಲ್ಲಿ ಮಾತ್ರ ಜಿಪುಣ. ಗುಬ್ಬಿಯ ನಮ್ಮ ಸರ್ಕಾರಿ ಕಚೇರಿಯಲ್ಲಿದ್ದದ್ದು ಒಂದೇ ಫ್ಯಾನು. ಅದರ ಕೆಳಗೆ ಯಾರು ಕೂರಬೇಕೆಂಬುದನ್ನು ಸೀನಿಯಾರಿಟಿ ತೀರ್ಮಾನಿಸುತ್ತಿತ್ತು. ಸರ್ವೀಸು ಸವೆದಂತೆಲ್ಲ ಮೇಜು ಒಂದೊಂದು ಮೊಳ ಮುಂದೆ ಸರಿಯುತ್ತಿತ್ತು. ನಾನು ಹೆಡ್ ಕ್ಲಾರ್ಕಾಗಿ ಅದರ ನೇರ ಕೆಳಗೆ ತಲುಪುವ ಹೊತ್ತಿಗೆ ಹಾರಾಡಲು ತಲೆಯ ಮೇಲೆ ಕೂದಲೇ ಉಳಿದಿರಲಿಲ್ಲ.

ಎಪ್ಪತ್ತರ ದಶಕದಲ್ಲೆಲ್ಲ ನಾವಿದ್ದದ್ದು ನಾಡಹೆಂಚಿನ ಹಳೆಯ ಕಟ್ಟಡದಲ್ಲಿ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮುಂದೆ ಉದ್ದನೆಯ ಜಗಲಿ. ಅಲ್ಲಿ ಫ್ಯಾನು ಮರ್ಯಾದೆಗೆ ಮಾತ್ರ ತಿರುಗುತ್ತಿತ್ತು. ಎಂಬತ್ತರ ದಶಕ ಶುರುವಾಗುತ್ತಲೇ ಆರ್.ಸಿ.ಸಿ. ಕಟ್ಟಡಕ್ಕೆ ಬಂದೆವು. ಪಶ್ಚಿಮದ ಗೋಡೆಯುದ್ದಕ್ಕೂ ಗಾಜಿನ ಕಿಟಕಿ! ನೆಂಟರನ್ನೆಲ್ಲ ಕರೆತಂದು ತೋರಿಸಿದ್ದೇ ತೋರಿಸಿದ್ದು. ಮಾರ್ಚ್ ಬಂದು ಮೇಲಿನ ತಾರಸಿ, ಪಕ್ಕದ ಗಾಜು ಎರಡೂ ಕಾದ ಮೇಲೆ ಯಾರನ್ನೂ ಕರೆಯಲಿಲ್ಲ.

ಚಳಿದೇಶದವರು ಗಾಜಿನ ಗೋಡೆ ಕಟ್ಟಿಕೊಂಡರೆ ಅದಕ್ಕೊಂದು ಅರ್ಥವಿದೆ; ಅಲ್ಲಿ ಸೂರ್ಯ ಅಪರೂಪದ ನೆಂಟ. ನಮ್ಮಲ್ಲಿ ಅವನು ಮನೆ ಅಳಿಯ, ಹೋಗುವ ಮಾತೇ ಎತ್ತುವುದಿಲ್ಲ. ಹಿಂದೆ ಅರಸರು ಕಿಟಕಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿಸಿ ಅದಕ್ಕೆ ನೀರು ಚಿಮುಕಿಸುತ್ತಿದ್ದರಂತೆ. ನಾನೂ ಅದನ್ನು ಕೇಳಿ ಮೇಲಿನವರಿಗೆ ಬರೆದೆ. ಲಾವಂಚವೆಂಬ ಪದಾರ್ಥ ಸ್ಟೇಷನರಿ ಪಟ್ಟಿಯಲ್ಲಿ ಇಲ್ಲವೆಂದು ಉತ್ತರ ಬಂತು.

ಆ ಕಿಟಕಿಯ ಪಕ್ಕದಲ್ಲೇ, ಎಲ್ಲರಿಗಿಂತ ಜೂನಿಯರ್ ಆದ್ದರಿಂದ, ಟೈಪಿಸ್ಟ್ ಶಾರದಮ್ಮ ಕೂರುತ್ತಿದ್ದರು. ಆಗ ಅವರಿಗೆ ಏಳು ತಿಂಗಳು. ಹೆರಿಗೆ ರಜೆಯನ್ನು ಮಗುವಿಗೆಂದು ಉಳಿಸಿಕೊಂಡು ದಿನ ತಳ್ಳುತ್ತಿದ್ದರು. ಒಂದು ಮಧ್ಯಾಹ್ನ ಟೈಪ್ ಮಾಡುತ್ತಲೇ ಮಿಷನ್ನಿನ ಮೇಲೆ ಬವಳಿ ಬಂದು ಒರಗಿಬಿಟ್ಟರು. ನೀರು ಚಿಮುಕಿಸಿದ ಮೇಲೆ ಕಣ್ಣುಬಿಟ್ಟರು.

“ಇಲ್ಲಿ ಬಂದು ಕೂತ್ಕೊಳಮ್ಮ” ಎಂದೆ, ಆದಷ್ಟು ಮೆಲ್ಲಗೆ.

“ಬೇಡಿ ಸಾರ್. ಫ್ಯಾನ್ ಕೆಳಗೆ ಕಾರ್ಬನ್ ಪೇಪರ್ ನಿಲ್ಲಲ್ಲ.”

ಅದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಆಮೇಲೆ ವಿಪರೀತ ನಾಚಿಕೆಯಾಯಿತು.

ನನ್ನ ಪೆಚ್ಚುಮುಖ ನೋಡಿ ದಾರಿ ತೋರಿಸಿದವನು ಅಟೆಂಡರ್ ರಂಗಪ್ಪ. “ಮದ್ವೆ ಚಪ್ಪರದಡಿ ಎಂಗ್ ತಣ್ಗಿರ್ತದೆ ಸಾರ್! ತಾರಸಿ ಮ್ಯಾಲೂ ಒಂದು ಆಕ್‌ಬುಡಾನ” ಎಂದ. ಭಾನುವಾರ ತನ್ನ ತೋಟದಿಂದ ಒಂದು ಗಾಡಿ ತೆಂಗಿನ ಗರಿ ತಂದ. ನಾವೆಲ್ಲ ಪಂಚೆ ಎತ್ತಿಕಟ್ಟಿ ಬಿದಿರಿನ ಗಳು ನಿಲ್ಲಿಸಿದೆವು. ಸೋಮವಾರ ಮಧ್ಯಾಹ್ನ ಶಾರದಮ್ಮ ಮೊದಲ ಸಲ ಮುಖ ಒರೆಸಿಕೊಳ್ಳದೆ ಒಂದು ಪುಟ ಮುಗಿಸಿದರು. ಮಂಗಳವಾರ ಚೇಳೂರಿನಿಂದ ಅರ್ಜಿ ಹಿಡಿದು ಬಂದ ಅಜ್ಜನೊಬ್ಬ ಗೇಟಿನಲ್ಲೇ ನಿಂತು ಮೇಲೆ ನೋಡಿದ. “ಸುಭಕಾರ್ಯ ಮುಗೀಲಿ ಸ್ವಾಮಿ, ಆಮ್ಯಾಕ್ ಬತ್ತೀನಿ” ಎಂದು ಹೊರಟೇಬಿಟ್ಟಿದ್ದ. ರಂಗಪ್ಪ ಓಡಿಹೋಗಿ ಕರೆತಂದ.

ಅಷ್ಟರಲ್ಲಿ ಕಟ್ಟಡದ ಪ್ಲಾನ್ ಹಾಕಿದ ಎಂಜಿನಿಯರ್ ಅದನ್ನು ನೋಡಲು ತುಮಕೂರಿನಿಂದ ಬರುತ್ತಾರೆಂದು ತಿಳಿಯಿತು. ಬೀದಿಗೆ ಕಾಣದ ಹಾಗೆ ಚಪ್ಪರ ತಗ್ಗಿಸಿದೆವು. ಅವರು ಬಂದದ್ದು ಮೂರು ಗಂಟೆಯ ಬಿಸಿಲಿನಲ್ಲಿ. ಒಳಗೆ ಕೂತು ಕೊರಳಿನ ಗುಂಡಿ ಬಿಚ್ಚಿ ಹಿಗ್ಗಿದರು. “ಎಷ್ಟು ತಂಪಾಗಿದೆ ನೋಡ್ರೀ! ಜನ ಸುಮ್ನೆ ಆರ್.ಸಿ.ಸಿ.ನ ಬೈತಾರೆ. ಕುಣಿಗಲ್ ಆಫೀಸಿಗೂ ಇದೇ ಪ್ಲಾನ್ ಕೊಡ್ತೀನಿ.”

ನಾವೆಲ್ಲ ಫೈಲಿನಲ್ಲಿ ತಲೆ ಹುದುಗಿಸಿದೆವು. ನಿಜ ಹೇಳಿದರೆ ಚಪ್ಪರ ಇಳಿಯುತ್ತದೆ, ಶಾರದಮ್ಮ ಮತ್ತೆ ಬೇಯಬೇಕಾಗುತ್ತದೆ. ಅವರಿಗಾಗಿಯೇ ಸುಮ್ಮನಿದ್ದೇವೆಂದು ನನಗೆ ನಾನೇ ಹೇಳಿಕೊಂಡೆ. ಆಗ ಟೈಪ್ ಮಿಷನ್ನಿನ ಸದ್ದು ನಿಂತಿತು.

“ತಂಪು ಕಟ್ಟಡದ್ದಲ್ಲ ಸಾರ್. ತಾರಸಿ ಮೇಲೆ ನಾವು ಚಪ್ಪರ ಹಾಕಿದೀವಿ, ಹೋಗಿ ನೋಡಿ. ಕುಣಿಗಲ್ಲಲ್ಲೂ ಕಿಟಕಿ ಪಕ್ಕ ನನ್ನಂಥೋಳು ಯಾರಾದ್ರೂ ಕೂರ್ತಾಳೆ” ಎಂದರು ಶಾರದಮ್ಮ.

ಎಂಜಿನಿಯರ್ ಎದ್ದು ಮೆಟ್ಟಿಲು ಹತ್ತಿದರು. ಹಿಂದೆಯೇ ನಾನೂ ಹತ್ತಿದೆ. ಅವರು ಬಗ್ಗಿ ಬಿಸಿಲಿನ ತಾರಸಿಯನ್ನು ಮುಟ್ಟಿ ಕೈ ಝಾಡಿಸಿಕೊಂಡರು. ಆಮೇಲೆ ಚಪ್ಪರದಡಿಗೆ ಕೈ ಚಾಚಿ, ತಣ್ಣಗಿದ್ದ ನೆಲಕ್ಕೆ ಅಂಗೈ ಊರಿಕೊಂಡು ಕೂತರು.

“ಸರ್ಕಾರಿ ಕಟ್ಟಡದ ಮೇಲೆ ಇದೆಲ್ಲ ಹಾಕೋ ಹಾಗಿಲ್ಲ” ಎಂದರು. ಮೆಟ್ಟಿಲಿಳಿಯುತ್ತ, “ಮಳೆ ಹಿಡಿದ್ಮೇಲೆ ತೆಗೆಸಿ” ಎಂದರು.

ಮಳೆ ಹಿಡಿಯುವ ಹೊತ್ತಿಗೆ ಶಾರದಮ್ಮನ ಮಡಿಲಲ್ಲಿ ಹೆಣ್ಣುಮಗುವಿತ್ತು. ತಾಯಿ ಮಗು ಇಬ್ಬರೂ ಗಟ್ಟಿಮುಟ್ಟಾಗಿದ್ದರು. ಮುಂದೆ ಅವರಿಗೆ ತುಮಕೂರಿಗೆ ವರ್ಗವಾಯಿತು.

ಕೆಲವು ವರ್ಷಗಳ ಮೇಲೆ, ಒಂದು ಏಪ್ರಿಲ್ಲಿನಲ್ಲಿ, ಕೆಲಸದ ಮೇಲೆ ಕುಣಿಗಲ್ಲಿಗೆ ಹೋದೆ. ಹೊಸ ಕಚೇರಿಗೆ ಅಗಲವಾದ ವರಾಂಡ, ಬಿಸಿಲು ತಡೆಯುವ ಉದ್ದನೆಯ ಸಜ್ಜಾ, ಚಿಕ್ಕ ಕಿಟಕಿಗಳು, ತಾರಸಿಯ ಮೇಲೆ ಹೆಂಚಿನ ಮಾಡು. ಅಲ್ಲಿನ ಗುಮಾಸ್ತ ಗೊಣಗಿದ: “ನಿಮ್ ಗುಬ್ಬಿ ಆಫೀಸಿಗೆ ಎಂಥಾ ಗಾಜಿನ ಕಿಟಕಿ ಸಾರ್! ನಮ್ಗೆ ನೋಡಿ, ಅಜ್ಜಿ ಕಾಲದ ಮನೆ ಕಟ್ಕೊಟ್ಟವ್ರೆ. ಯಾವ ಪುಣ್ಯಾತ್ಮರು ಹೇಳಿಕೊಟ್ರೋ!” ಅವನ ಹಣೆಯಲ್ಲಿ ಒಂದು ಹನಿ ಬೆವರಿರಲಿಲ್ಲ. ಅವನ ಹಿಂದೆ ಕಿಟಕಿಯ ಪಕ್ಕದಲ್ಲಿ ಒಬ್ಬ ಹುಡುಗಿ ತಲೆಯೆತ್ತದೆ ಟೈಪ್ ಮಾಡುತ್ತಿದ್ದಳು.

ನಾನು ಅಲ್ಲೇ ಒಂದು ಕಾರ್ಡು ಬರೆದು ಅಂಚೆ ಡಬ್ಬಿಗೆ ಹಾಕಿದೆ: “ಶಾರದಮ್ಮನವರಿಗೆ, ಕುಣಿಗಲ್ಲಿನವರು ನಿಮ್ಮನ್ನು ಬೈಯುತ್ತಿದ್ದಾರೆ. ಎಲ್ಲರೂ ಆರಾಮವಾಗಿದ್ದಾರೆ.”