ಸಣ್ಣ ಈರುಳ್ಳಿಯ ಬೀಜ ಕಾಯುವ ದೊಡ್ಡಗಂಗಮ್ಮ

ಯಲ್ದೂರಿನ ಆಚೆ, ಮಾವಿನ ತೋಪು ಮುಗಿಯುವಲ್ಲಿ ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಆ ಮಂಜಿನ ಮೇಲೆ ಬಿಳಿಯ ದುಂಡು ಹೂಗಳು ಕಾಂಡವೇ ಇಲ್ಲದಂತೆ ತೇಲುತ್ತಿವೆ. ಅವುಗಳ ನಡುವೆ ಒಬ್ಬ ಹೆಂಗಸು ಮೆಲ್ಲಗೆ ಸರಿಯುತ್ತಿದ್ದಾರೆ. ಒಣಗಿದ ಹೂವಿನ ತಲೆಯನ್ನಷ್ಟೇ ಆರಿಸಿ, ಕುಡುಗೋಲಿನಿಂದ ಕೊಯ್ದು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಬಿರಿದ ಸಿಪ್ಪೆಯೊಳಗೆ ಕಾಡಿಗೆಯಷ್ಟು ಕಪ್ಪು ಬೀಜ.

“ಇಬ್ಬನಿ ಇರೋವಾಗ್ಲೇ ಕೊಯ್ಬೇಕು ಸ್ವಾಮಿ. ಬಿಸಿಲು ಬಿತ್ತು ಅಂದ್ರೆ ಬಾಯಿ ಬಿಟ್ಟು ಸುರಿದುಬಿಡ್ತವೆ. ಆಮೇಲೆ ಅದು ಇರುವೆ ಪಾಲು,” ಎನ್ನುತ್ತಾರೆ, ತಲೆಯೆತ್ತದೆ.

ಇವರು ದೊಡ್ಡಗಂಗಮ್ಮ. ನಲವತ್ತು ದಾಟಿದ್ದಾರೆ. ಮುಳಬಾಗಿಲ ಕಡೆಯಿಂದ ಸೊಸೆಯಾಗಿ ಬಂದವರು. ಎತ್ತುಗಳ ಜೊತೆ ಇಂದಿಗೂ ತೆಲುಗಿನಲ್ಲೇ ಮಾತು. ಈ ಊರಿನಲ್ಲಿ ಸಣ್ಣ ಈರುಳ್ಳಿಯನ್ನು ಬೇರೆಯವರೆಲ್ಲ ಗಡ್ಡೆ ನೆಟ್ಟು ಬೆಳೆಯುತ್ತಾರೆ, ಹೂವಿನ ಕಡ್ಡಿ ಬಂದರೆ ಚಿವುಟಿ ಬಿಸಾಡುತ್ತಾರೆ. ದೊಡ್ಡಗಂಗಮ್ಮ ಮಾತ್ರ ಹೂವಿಗಾಗಿ ಕಾಯುತ್ತಾರೆ.

ಇದು ಶುರುವಾದದ್ದು ಹತ್ತು ವರ್ಷದ ಹಿಂದೆ, ೧೯೩೬ರಲ್ಲಿ. ಆಗ ಅವರು ಬಾಣಂತಿ. ಹೊಲದ ಮೂಲೆಯ ಒಂದಿಷ್ಟು ಗಡ್ಡೆ ಕೀಳದೆ ಉಳಿದು, ಚಳಿಗಾಲದಲ್ಲಿ ಮತ್ತೆ ಚಿಗುರಿ ಹೂ ಬಿಟ್ಟಿತು. ಗಂಡ ಚನ್ನರಾಯಪ್ಪ ಕಿತ್ತು ಹಾಕಲು ಹೊರಟರೆ ಇವರು ತಡೆದರು. “ಮಗೂನ ಎತ್ಕೊಂಡು ಅಲ್ಲೇ ಕೂತಿರ್ತಿದ್ದೆ. ಜೇನ್ನೊಣ ಗುಂಯ್ ಅಂದ್ರೆ ಮಗು ನಿದ್ದೆ ಹೋಗ್ತಿತ್ತು. ಅದಕ್ಕೇ ಬೇಡ ಅಂದೆ, ಇನ್ನೇನೂ ಇಲ್ಲ.” ಹೂ ಒಣಗಿದಾಗ ಬೀಜ ಉದುರಿತು. ಸುಮ್ಮನೆ ಎತ್ತಿಟ್ಟರು.

ಆ ವರ್ಷ ಮಳೆ ಹಿಡಿದು ಬಿಡಲಿಲ್ಲ. ಅಟ್ಟದಲ್ಲಿ ತೂಗುಹಾಕಿದ್ದ ಬಿತ್ತನೆ ಗಡ್ಡೆ ಇಡೀ ಊರಲ್ಲಿ ಕೊಳೆತುಹೋಯಿತು. ನೆಡಲು ಯಾರ ಮನೆಯಲ್ಲೂ ಏನೂ ಉಳಿಯದಿದ್ದಾಗ ದೊಡ್ಡಗಂಗಮ್ಮನಿಗೆ ಆ ಬೀಜ ನೆನಪಾಯಿತು. ಚೆಲ್ಲಿದರು. ಕೂದಲೆಳೆಯಂಥ ಪೈರು ಎದ್ದಿತು. ಕಳೆ ತೆಗೆಯಲು ಹೋದ ಚನ್ನರಾಯಪ್ಪ ಅರ್ಧ ಮಡಿಯನ್ನು ಕಿತ್ತೇಬಿಟ್ಟರು.

“‘ಹುಲ್ಲು ಅಂದ್ಕೊಂಡೆ ಕಣೇ’ ಅಂದ್ರು. ಏನು ಮಾಡೋದು? ಅವತ್ತು ಊಟಕ್ಕಿಟ್ಟೆ, ಮಾತಾಡ್ಲಿಲ್ಲ ಅಷ್ಟೆ,” ಎಂದು ನಗುತ್ತಾರೆ. ಉಳಿದ ಅರ್ಧ ಮಡಿಯಿಂದಲೇ ಊರಿನವರು ಮತ್ತೆ ಗಡ್ಡೆ ಕಂಡರು.

ಅಂದಿನಿಂದ ಇವರ ವರ್ಷ ಹೀಗೇ ಸುತ್ತುತ್ತದೆ. ಮುಂಗಾರಿಗೆ ಬೀಜ ಚೆಲ್ಲುವುದು, ಪೈರು ಕಿತ್ತು ನಾಟಿ ಮಾಡುವುದು, ಗಡ್ಡೆ ಕೀಳುವುದು, ಅದರಲ್ಲಿ ಗಟ್ಟಿ ಗಡ್ಡೆ ಆರಿಸಿ ಚಳಿ ಬೀಳುವ ಹೊತ್ತಿಗೆ ಮತ್ತೆ ನೆಡುವುದು. ಆ ಗಡ್ಡೆಯೇ ಹೂ ಬಿಟ್ಟು ಬೀಜ ಕೊಡುತ್ತದೆ. ಬೀಜ ಬೂದಿಯೊಳಗೆ ಸೇರಿ, ಒಣಗಿದ ಸೋರೆ ಬುರುಡೆಯಲ್ಲಿ ಮಲಗುತ್ತದೆ. ನಡುವೆ ಬಿಡುವಂತಿಲ್ಲ. “ರಾಗಿ ಹಂಗಲ್ಲ ಇದು. ಒಂದು ವರ್ಷ ಇಟ್ರೆ ಉಸಿರಿರ್ತದೆ. ಇನ್ನೊಂದು ವರ್ಷ ಇಟ್ರೆ ಬರೀ ಕಪ್ಪು ಮಣ್ಣು.”

ಆ ಮಾತಿನ ಹಿಂದೆ ಒಂದು ನೋವಿದೆ. ಯುದ್ಧ ನಡೆಯುತ್ತಿದ್ದಾಗ ಒಂದು ಮುಂಗಾರು ಪೂರ್ತಿ ಅವರು ಚಳಿಜ್ವರದಲ್ಲಿ ಮಲಗಿದ್ದರು. ಬೀಜ ಬುರುಡೆಯಲ್ಲೇ ಉಳಿಯಿತು. ಮರುವರ್ಷ ಚೆಲ್ಲಿ ದಿನವೂ ಹೋಗಿ ಬಗ್ಗಿ ನೋಡಿದರು. ನೆಲ ಹಸಿರಾಗಲಿಲ್ಲ.

ಪಕ್ಕದ ಹಳ್ಳಿಯ ಗಂಗರತ್ನಮ್ಮನಿಗೆ ಹಿಂದೊಮ್ಮೆ ಇವರು ಒಂದು ಹಿಡಿ ಬೀಜ ಕೊಟ್ಟಿದ್ದರು. ಆಮೇಲೆ ಕಾಲುವೆಯ ನೀರಿಗಾಗಿ ಎರಡು ಮನೆಗಳ ನಡುವೆ ಜಗಳವಾಗಿ ಮಾತು ನಿಂತಿತ್ತು. ಬೀಜ ಅಲ್ಲಿ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಚನ್ನರಾಯಪ್ಪ ಹೋಗಬೇಡ ಎಂದರು. ದೊಡ್ಡಗಂಗಮ್ಮ ಹೋದರು, ಆದರೆ ಬಾಗಿಲಲ್ಲೇ ನಿಂತರು.

“‘ಏನಕ್ಕಾ, ಈ ಕಡೆ?’ ಅಂದ್ಳು. ‘ಬೀಜ ಹೋಯ್ತು ಗಂಗರತ್ನ’ ಅಂದೆ. ಒಳಗೆ ಹೋದ್ಳು. ಬರ್ತಾಳೋ ಇಲ್ವೋ ಅಂತ ನಾನು ಹೊಸಿಲು ನೋಡ್ತಾ ನಿಂತಿದ್ದೆ. ಬುರುಡೆ ತಂದ್ಳು. ‘ವರ್ಷವರ್ಷವೂ ಹಾಕ್ತಾ ಇದ್ದೀನಿ, ನೀನು ಕೊಟ್ಟಿದ್ದೇ ಅಲ್ವಾ, ಮಡಿಲು ಹಿಡಿ’ ಅಂದ್ಳು. ನೀರಿನ ಮಾತು ಅವಳೂ ಎತ್ಲಿಲ್ಲ, ನಾನೂ ಎತ್ಲಿಲ್ಲ.”

ಹೇಳುತ್ತ ಅವರ ಕೈ ತಾನಾಗಿ ನಿಲ್ಲುತ್ತದೆ. ಮನೆಗೆ ಮರಳುವ ದಾರಿಯುದ್ದಕ್ಕೂ ಅಳುತ್ತಲೇ ಬಂದರಂತೆ, ಯಾಕೆಂದು ಮಾತ್ರ ಗೊತ್ತಾಗಲಿಲ್ಲವಂತೆ.

ಈಗ ಬೀಜ ಕೊಯ್ದ ಕೂಡಲೇ ಮೊದಲು ಬೇರೆಯವರಿಗೆ ಹಂಚಿ, ಉಳಿದದ್ದನ್ನು ತಾವು ಇಟ್ಟುಕೊಳ್ಳುತ್ತಾರೆ. ಶ್ರೀನಿವಾಸಪುರದ ಸಂತೆಗೆ ಬಂದವರು, ಕೋಲಾರದ ನೆಂಟರು, ಹೆಸರು ತಿಳಿಯದವರು, ಎಲ್ಲರ ಸೆರಗಿನ ತುದಿಯಲ್ಲೂ ಅದು ಗಂಟು ಬಿದ್ದು ಹೋಗಿದೆ. ಎಲ್ಲಿ ಮೊಳೆಯಿತೋ, ಎಲ್ಲಿ ಒಣಗಿತೋ ಅವರಿಗೆ ತಿಳಿಯದು.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕುಡುಗೋಲನ್ನು ಬದುವಿನ ಮೇಲಿಡುತ್ತಾರೆ.

“ಒಂದ್ಸಲ ರೈಲು ಹತ್ತಬೇಕು ಸ್ವಾಮಿ, ಮಾಲೂರಿನವರೆಗೆ. ಕಿಟಕಿ ಪಕ್ಕ ಕೂತ್ಕೊಂಡು ಹೋಗ್ತಿರ್ಬೇಕಾದ್ರೆ, ಯಾರದೋ ಹೊಲದಲ್ಲಿ ಈ ಹೂ ಕಾಣ್ಬೇಕು. ಯಾರದು, ಎಲ್ಲಿಂದ ತಂದ್ರಿ ಅಂತ ಕೇಳೋದಿಲ್ಲ. ನೋಡ್ಕೊಂಡು ಹೋಗ್ತೀನಿ, ಅಷ್ಟೆ.”