ಬೆಲ್ಟಿನ ಮೇಲಿನ ಉಬ್ಬು

ಸ್ನೇಹಿತರೇ, ನಾಳೆ ಜಿಂಕೆ ಬೇಟೆಗೆ ಹೊರಡಬೇಕಿತ್ತು. ಒಮ್ಮೆ ಹಾರಿಸಿ ಹಿಗ್ಗಿದ ಮ್ಯಾಗ್ನಮ್ ಎಂಬ ಭಾರಿ ಕಾಡತೂಸುಗಳ ಹಿತ್ತಾಳೆ ಕೊಳವೆಗಳಿಗೆ ಮತ್ತೆ ಮದ್ದುಗುಂಡು ತುಂಬಲೆಂದು, ಅವನ್ನು ಅಚ್ಚಿಗೆ ಒತ್ತಿ ಅಳತೆಗೆ ತಂದಿದ್ದೆ. ಇಂದು ಪರೀಕ್ಷಿಸಿದರೆ ಒಂದೂ ರೈಫಲ್ಲಿನೊಳಗೆ ಪೂರ್ತಿ ಕೂರಲಿಲ್ಲ. ಮೂರು ಗಂಟೆ ತಲೆ ಕೆಡಿಸಿಕೊಂಡು ಕೊಳವೆಯ ಉದ್ದ, ಕುತ್ತಿಗೆ, ಭುಜ ಎಲ್ಲವನ್ನೂ ಅಳೆದೆ, ದೋಷವಿಲ್ಲ.

ಗ್ಯಾರೇಜಿಗೆ ಬಂದ ಹೆಂಡತಿ ಒಂದನ್ನೆತ್ತಿ, ಬುಡದ ದಪ್ಪ ಪಟ್ಟಿಯನ್ನು ತೋರಿಸಿ, "ಇದೇನ್ರೀ?" ಎಂದಳು.

"ಬೆಲ್ಟ್."

ಉಗುರಿನಿಂದ ಸವರಿ, "ಬೆಲ್ಟಿನ ಮೇಲೆ ಹೊಟ್ಟೆ ಬಂದಿದೆಯಲ್ರೀ, ನಿಮ್ಮ ಥರಾನೇ!" ಎಂದಳು.

ಅಳೆದೆ. ಅಚ್ಚು ತಲುಪದ ಆ ಜಾಗ ಕೂದಲೆಳೆಯಷ್ಟು ಉಬ್ಬಿತ್ತು. ಅದನ್ನು ತಗ್ಗಿಸುವ ಬೇರೆ ಅಚ್ಚು ನಾವಿರುವ ಹ್ಯಾಮಿಲ್ಟನ್ ಊರಿನಲ್ಲಿಲ್ಲ. ತರಿಸಲು ಎರಡು ವಾರ ಬೇಕಂತೆ. ಬೇಟೆ ರದ್ದು.

ನನ್ನ ಹೊಟ್ಟೆಗೆ ಎಷ್ಟು ವಾರ ಬೇಕೆಂದು ಆಕೆ ವಿಚಾರಿಸಿದ್ದಾಳೆ. ಅಂಥ ಅಚ್ಚು ಇನ್ನೂ ತಯಾರಾಗಿಲ್ಲವೆಂದು ಈ ಮೂಲಕ ತಿಳಿಸುತ್ತಿದ್ದೇನೆ.