ಸತ್ತಿಯ ಸಾಕ್ಷಿದಾರ

ವಿದೇಶಿ ಕಂಪನಿಗಳು ಸರ್ಕಾರಗಳ ಮೇಲೆ ಹೂಡುವ ದಾವೆಗಳನ್ನು ನಡೆಸುವುದು ನನ್ನ ಕೆಲಸವಾಗಿತ್ತು. ಅವು ನಮ್ಮ ಕೋರ್ಟುಗಳಿಗೆ ಬರುವುದಿಲ್ಲ. ಸಿಂಗಪುರದಲ್ಲೋ ಲಂಡನ್ನಿನಲ್ಲೋ ಮೂವರು ಪಂಚರು ಕೂತು ತೀರ್ಪು ಕೊಡುತ್ತಾರೆ. ನಾನು ಚಿಕ್ಕೋಡಿ ಕಡೆಯ ಬೇಡಕಿಹಾಳದವಳು ಎಂಬುದು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಒಮ್ಮೆ ನಮ್ಮ ಊರ ಕಡೆಯದೇ ದಾವೆ ಬಂತು. ಅಥಣಿ ಹತ್ತಿರ ಕಾರ್ಖಾನೆ ಕಟ್ಟುತ್ತಿದ್ದ ಕಂಪನಿಯ ಪರವಾನಗಿಯನ್ನು ಸರ್ಕಾರ ರದ್ದು ಮಾಡಿತ್ತು. ನಾನು ಕಂಪನಿಯ ವಕೀಲೆ. ರದ್ದು ಮಾಡುವ ಮುಂಚೆ ನೋಟಿಸು ಕೊಟ್ಟಿದ್ದರೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ನೋಟಿಸು ಒಯ್ದವರು ಅಲ್ಲಿನ ಸತ್ತಿ ಎಂಬ ಊರಿನ ತಲಾಟಿ, ಎಂದರೆ ಗ್ರಾಮಲೆಕ್ಕಿಗರು, ಈಗ ನಿವೃತ್ತರು. ನಾವು ಸಿಂಗಪುರದಲ್ಲಿದ್ದೆವು, ಅವರು ಬಿಳಿ ಟೋಪಿ ಹಾಕಿಕೊಂಡು ಚಿಕ್ಕೋಡಿಯ ಒಂದು ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕೂತಿದ್ದರು. ನಡುವೆ ಮೈಸೂರು ಕಡೆಯ ದುಭಾಷಿ.

"ನೋಟಿಸು ಕೊಟ್ಟಿದ್ದರೆ ಪ್ರತಿಯ ಮೇಲೆ ಕಂಪನಿಯ ಮ್ಯಾನೇಜರರ ಸಹಿ ಯಾಕಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರು ಯೋಚಿಸಿ ಹೇಳಿದರು: "ನೋಟಿಸ ಕೊಟ್ಟೇನ್ರಿ. ಸಹೀದು ನನಗ ನೆಪ್ಪಿಲ್ರಿ."

ನಮ್ಮ ಕಡೆ ನೆಪ್ಪು ಎಂದರೆ ನೆನಪು. ದುಭಾಷಿಗೆ ಅದು ನೆಪ ಎಂದು ಕೇಳಿಸಿತು. ಸಹಿ ಇಲ್ಲದ್ದಕ್ಕೆ ತನ್ನ ಬಳಿ ಯಾವ ನೆಪವೂ ಇಲ್ಲ ಎಂದು ಸಾಕ್ಷಿ ಹೇಳಿದಂತೆ ಇಂಗ್ಲಿಷಿಗೆ ತಿರುಗಿಸಿದರು. ಪಂಚರು ಬರೆದುಕೊಂಡರು. ಸರ್ಕಾರದ ವಕೀಲರಿಗೆ ಕನ್ನಡ ಬಾರದು. ಅನುವಾದ ತಪ್ಪೆಂದು ಗೊತ್ತಾದದ್ದು ನನಗೊಬ್ಬಳಿಗೇ. ಎದ್ದು ಹೇಳುವುದು ನನ್ನ ಧರ್ಮವಾಗಿತ್ತು. ಹೇಳದೆ ಮುಂದಿನ ಪ್ರಶ್ನೆ ಕೇಳಿದೆ.

ನಾವು ಗೆದ್ದೆವು. ತೀರ್ಪಿನಲ್ಲಿ ಆ ಮಾತನ್ನೇ ನೋಟಿಸು ಕೊಟ್ಟಿಲ್ಲವೆಂಬ ತಪ್ಪೊಪ್ಪಿಗೆ ಎಂದು ಬರೆದಿದ್ದರು. ಊರ ಕಡೆಯ ಪತ್ರಿಕೆಯಲ್ಲೂ ಅದು ಬಂತು.

ಎರಡು ವರ್ಷ ಬಿಳಿ ಟೋಪಿಯ ಆ ಮುಖ ನನ್ನನ್ನು ಬಿಡಲಿಲ್ಲ. ಕೊನೆಗೆ ಸತ್ತಿಗೆ ಹೋದೆ. ಬಾಗಿಲು ತೆಗೆದವರು ಅವರ ಮಗಳು. "ಅಪ್ಪಾ ಹೊರಗ ಹೋಗೋದ ಬಿಟ್ಟಾರ್ರಿ. ಕಂಪನ್ಯಾವ್ರು ಏನ ಕೊಟ್ರು ಅಂತ ಮಂದಿ ಕೇಳ್ತಾರ."

ಹೊರಸಿನ ಮೇಲೆ ಕೂತಿದ್ದ ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಹಂಗಂದ್ರ ನಾ ಖರೇನ ಹೇಳಿದ್ನಿ?"

"ಹೌದ್ರಿ ಕಾಕಾ."

"ಆವತ್ತ ನಿನಗ ತಿಳದಿತ್ತು?"

"ತಿಳದಿತ್ರಿ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ತೋಳಿನಿಂದ ಕಣ್ಣು ಒರೆಸಿಕೊಂಡು, "ತಂಗಿ, ಇದನ್ನ ಬರದ ಕೊಡ್ತೀ ಏನ? ಕನ್ನಡದಾಗ ಬರಿ. ನಾಲ್ಕ ಮಂದಿಗೆ ತೋರಸಾಕ ಬೇಕು" ಎಂದರು.

ಅಲ್ಲೇ ಕೂತು ಬರೆದೆ, ಸಹಿ ಮಾಡಿದೆ. ಪಂಚರಿಗೂ ಒಂದು ಪ್ರತಿ ಕಳಿಸಿದೆ. ಅವಧಿ ಮುಗಿದಿದೆ, ತೀರ್ಪು ಬದಲಾಗದು ಎಂದು ಉತ್ತರ ಬಂತು. ನನ್ನ ಕೆಲಸ ಹೋಯಿತು. ಅದಕ್ಕೆ ನಾನು ಅಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸತ್ತಿಯಿಂದ ಅವರ ಮಗಳು ಫೋನು ಮಾಡಿದರು. ಅಪ್ಪ ತೀರಿಕೊಂಡಿದ್ದರು. "ಕಾಗದಾ ಓಣ್ಯಾಗಿನ ಎಲ್ಲಾರಿಗೂ ತೋರಿಸಿದ್ರು ಅಕ್ಕಾರ. ಕೆಲವ್ರು ನಂಬಿದ್ರು, ಕೆಲವ್ರು ನಂಬಲಿಲ್ಲ. ಮಣ್ಣಿಗೆ ಬರ್ತೀರೇನ್ರಿ?"

ಬರುತ್ತೇನೆ ಎಂದೆ. ರಾಯಬಾಗದವರೆಗೆ ಹೋದೆ. ಆ ಓಣಿಯವರಿಗೆ ಮುಖ ತೋರಿಸಲಾಗದೆ, ಸತ್ತಿಯ ಬಸ್ಸು ಹತ್ತದೆ, ನಿಲ್ದಾಣದಲ್ಲಿ ಸಂಜೆಯವರೆಗೆ ಕೂತಿದ್ದು ವಾಪಸು ಬಂದೆ.